ತಿಂಗಳಿಗೆ 12,000 ಬಜೆಟ್, ದಿನಾ ಕಲಬುರಗಿ–ಶಹಾಬಾದ್ ಓಡಾಟ: ಯಾವ ಸಣ್ಣ ಕಾರು, ಎಷ್ಟು ಸಾಲ?

ಆಳಂದ_ಕಡೆಯವ:
ಎಲ್ಲರಿಗೂ ನಮಸ್ಕಾರ. ಮನೆ ಕಲಬುರಗಿ, ಕೆಲಸ ಶಹಾಬಾದ್‌ನಲ್ಲಿ. ಈಗ ಬೈಕ್ ಮೇಲೆ ಓಡಾಡ್ತಿದ್ದೇನೆ, ಹೋಗಿ ಬರೋದು ಸೇರಿ ದಿನಕ್ಕೆ 52 ಕಿ.ಮೀ. ಆಗುತ್ತೆ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು ಗೊತ್ತೇ ಇದೆ, ಮಧ್ಯಾಹ್ನ ಮೂರಕ್ಕೆ ಹೆಲ್ಮೆಟ್ ಹಾಕ್ಕೊಂಡು ಹೊರಟರೆ ಮನೆ ಸೇರೋ ಹೊತ್ತಿಗೆ ತಲೆ ಕಾದ ಹಂಚು. ಮನೇಲಿ ಅಪ್ಪ, ಅವ್ವ, ಹೆಂಡತಿ, ಇಬ್ಬರು ಮಕ್ಕಳು. ಗಾಣಗಾಪುರಕ್ಕೆ ಹೋಗಬೇಕಂದ್ರೂ ಯಾರದಾದರೂ ಗಾಡಿ ಕೇಳಬೇಕು.

ಕೈಯಲ್ಲಿ ಒಂದೂವರೆ ಲಕ್ಷ ಇದೆ. ತಿಂಗಳಿಗೆ 12,000 ಹೊರಗೆ ತೆಗೀಬಹುದು. ಆಲ್ಟೊ ಕೆ10 ಆನ್ ರೋಡ್ ಐದೂವರೆ ಲಕ್ಷ ಅಂತ ಕೊಟೇಷನ್ ಕೊಟ್ಟಿದ್ದಾರೆ, ವ್ಯಾಗನ್ ಆರ್ ಆರೂ ಮುಕ್ಕಾಲು. ಶೋರೂಮ್‌ನಲ್ಲಿ ಕೂತಿದ್ದ ಫೈನಾನ್ಸ್‌ನವರು "ಬ್ಯಾಂಕ್ 9 ಪರ್ಸೆಂಟ್ ತಗೋತಾರೆ, ನಮ್ಮದು ಬರೀ 7, ಅದೂ ಫ್ಲಾಟ್" ಅಂದ್ರು. ಸ್ನೇಹಿತ ಒಬ್ಬ ಹೈದರಾಬಾದ್‌ನಿಂದ ಸೆಕೆಂಡ್ ಹ್ಯಾಂಡ್ ತರೋಣ, ಅಗ್ಗ ಬೀಳುತ್ತೆ ಅಂತಿದ್ದಾನೆ. ಆಳಂದ ಕಡೆ ಸ್ವಲ್ಪ ಹೊಲ ಇದೆ, ಅಣ್ಣ ನೋಡ್ಕೋತಾನೆ, ತೊಗರಿ ಮಾರಿದ ಮೇಲೆ ನನ್ನ ಪಾಲು ಒಂದಷ್ಟು ಬರುತ್ತೆ. ಏನು ಮಾಡಲಿ ಹೇಳಿ.

ಲೆಕ್ಕದ_ಮೇಷ್ಟ್ರು:
ಮೊದಲು ಆ 7 ಪರ್ಸೆಂಟ್ ವಿಷಯ ಮುಗಿಸೋಣ, ಅಲ್ಲೇ ಜಾಸ್ತಿ ಜನ ಬೀಳೋದು. ಫ್ಲಾಟ್ ಅಂದ್ರೆ ನೀವು ಅಸಲು ತೀರಿಸ್ತಾ ಬಂದರೂ ಬಡ್ಡಿ ಮಾತ್ರ ಕೊನೇವರೆಗೂ ಪೂರ್ತಿ ಸಾಲದ ಮೇಲೇ. ನಾಲ್ಕು ಲಕ್ಷಕ್ಕೆ 7 ಪರ್ಸೆಂಟ್ ಅಂದ್ರೆ ವರ್ಷಕ್ಕೆ 28,000, ಐದು ವರ್ಷಕ್ಕೆ 1,40,000. ಕಂತು 9,000. ಅದೇ ನಾಲ್ಕು ಲಕ್ಷ ಬ್ಯಾಂಕ್‌ನಲ್ಲಿ 9 ಪರ್ಸೆಂಟ್ ರೆಡ್ಯೂಸಿಂಗ್‌ನಲ್ಲಿ, ಅಂದ್ರೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಅನ್ನೋ ಲೆಕ್ಕದಲ್ಲಿ ತಗೊಂಡರೆ ಕಂತು 8,303, ಒಟ್ಟು ಬಡ್ಡಿ 98,000 ಚಿಲ್ಲರೆ. ಅವರ 7 ನಿಜವಾಗಿ ಹನ್ನೆರಡೂವರೆಗೆ ಸಮ. ಸುಮಾರು 42,000 ಸುಮ್ನೆ ಕೊಟ್ಟಂಗೆ.

ಏಳು ವರ್ಷಕ್ಕೆ ಹಾಕಿಸಿ, ಕಂತು 6,436ಕ್ಕೆ ಇಳಿಯುತ್ತೆ ಅಂತಲೂ ಹೇಳ್ತಾರೆ. ಇಳಿಯುತ್ತೆ, ನಿಜ. ಆದರೆ ಬಡ್ಡಿ 1,40,000 ದಾಟುತ್ತೆ, ಅಂದ್ರೆ ಆ ಫ್ಲಾಟ್ ಸಾಲದಷ್ಟೇ ಆಯ್ತು. ಐದು ವರ್ಷ ಮೀರಬೇಡಿ.

ಈಗ ನಿಮ್ಮ 12,000ಕ್ಕೆ ಬರೋಣ. ನೀವು ಅದನ್ನ ಕಂತಿಗೆ ಅಂತ ಇಟ್ಕೊಂಡಿದ್ದೀರಿ ಅನ್ಸುತ್ತೆ. ತಿಂಗಳಿಗೆ 25 ದಿನ ಅಂದ್ರೆ 1,300 ಕಿ.ಮೀ. ಎಸಿ ಹಾಕಿ ಓಡಿಸಿದರೆ ಸಣ್ಣ ಕಾರು ಲೀಟರ್‌ಗೆ 19 ಕೊಡ್ತು ಅಂತಿಟ್ಕೊಳ್ಳಿ, 68 ಲೀಟರ್ ಬೇಕು. ಪೆಟ್ರೋಲ್ ನೂರು ದಾಟಿ ಎಷ್ಟೋ ಕಾಲ ಆಯ್ತು, ಹತ್ತಿರ ಹತ್ತಿರ 7,000 ಅದಕ್ಕೇ ಹೋಯ್ತು. ಬೈಕ್‌ಗೆ ಈಗ 2,700 ಹಾಕಿಸ್ತಿರಬಹುದು, ಅದು ಉಳಿಯುತ್ತಲ್ಲ, ಅದನ್ನ ಸೇರಿಸಿದರೆ ನಿಮ್ಮ ನಿಜವಾದ ಬಜೆಟ್ 14,700. ಪೆಟ್ರೋಲ್ 7,000, ಇನ್ಶೂರೆನ್ಸ್, ಸರ್ವಿಸ್, ಟೈರ್ ಅಂತ ತಿಂಗಳಿಗೆ 1,700 ಎತ್ತಿಟ್ಟರೆ ಕಂತಿಗೆ ಉಳಿಯೋದು 6,000. ಆ ಕಂತಿಗೆ ಐದು ವರ್ಷದ ಸಾಲ ಅಂದ್ರೆ ಮೂರು ಲಕ್ಷಕ್ಕೂ ಕಡಿಮೆ. ವ್ಯಾಗನ್ ಆರ್‌ಗೆ ಸಾಲ ಐದೂಕಾಲು ಲಕ್ಷ, ಕಂತು 10,900. ಆಗಲ್ಲ ಬಿಡಿ.

ಬಸ್ಸಿನ_ಟೀಚರ್:
ಮೇಷ್ಟ್ರ ಲೆಕ್ಕ ಸರಿ ಇದೆ, ಆದರೆ ದಿನಾ ಕಾರಲ್ಲೇ ಹೋಗಬೇಕು ಅಂತ ಯಾರು ಹೇಳಿದ್ರು ಅಣ್ಣಾ? ನಾನು ಚಿತ್ತಾಪುರ ಕಡೆ ಶಾಲೆಗೆ ಹೋಗ್ತೀನಿ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಬಸ್ಸಿಗೆ ಒಂದು ರೂಪಾಯಿ ಕೊಟ್ಟಿಲ್ಲ. ನಮ್ಮನೆ ಕಾರು ಭಾನುವಾರ, ಮದುವೆ, ಆಸ್ಪತ್ರೆ, ಇಷ್ಟಕ್ಕೇ. ನಿಮಗೆ ಫ್ರೀ ಇಲ್ಲ, ಸರಿ. ಆದರೂ ವಾಡಿ ಕಡೆ ಹೋಗೋ ಪ್ಯಾಸೆಂಜರ್ ರೈಲು ಶಹಾಬಾದ್‌ನಲ್ಲಿ ನಿಲ್ಲುತ್ತೆ, ಡ್ಯೂಟಿ ಟೈಮಿಗೆ ಹೊಂದುತ್ತಾ ನೋಡಿ. ಹೊಂದಿದರೆ ಪಾಸ್ ಮಾಡಿಸಿ.

ಆಳಂದ_ಕಡೆಯವ:
ಅಕ್ಕಾ, ರೈಲಿನ ಟೈಮು ಹೋಗುವಾಗ ಹೊಂದುತ್ತೆ, ಬರುವಾಗ ಹೊಂದಲ್ಲ. ಶಿಫ್ಟ್ ಕೆಲಸ. ಆದರೆ ಜೂನ್‌ನಿಂದ ಫೆಬ್ರವರಿವರೆಗೆ ಬೈಕ್ ನಡೆಯುತ್ತೆ, ನಿಜವಾದ ತ್ರಾಸು ಬೇಸಿಗೇಲೇ.

ಲೆಕ್ಕದ_ಮೇಷ್ಟ್ರು:
ಇದನ್ನ ಮೊದಲೇ ಹೇಳಬೇಕಿತ್ತು ನೋಡ್ರಿ! ವರ್ಷದಲ್ಲಿ ಅರ್ಧದಷ್ಟು ದಿನ ಬೈಕ್, ಉಳಿದರ್ಧ ಕಾರು ಅಂದ್ರೂ ಎರಡೂ ಸೇರಿ ಪೆಟ್ರೋಲ್ ತಿಂಗಳಿಗೆ 4,900ರ ಸುತ್ತ. ಆಗ ಕಂತಿಗೆ 8,000 ಉಳಿಯುತ್ತೆ. ಆಲ್ಟೊಗೆ ನಾಲ್ಕು ಲಕ್ಷ ಸಾಲ ಕೂರುತ್ತೆ, ಸ್ವಲ್ಪ ಬಿಗಿ. ಬೇಸಿಗೇಲಿ ಖರ್ಚು ಏರುತ್ತೆ, ಮಳೆಗಾಲದಲ್ಲಿ ಉಳಿದಿದ್ದನ್ನ ಅದಕ್ಕೆ ಬೇರೆ ಇಟ್ಟಿರಿ.

ಬೀದರ್_38:
ಹೈದರಾಬಾದ್ ಗಾಡಿ ವಿಷಯ ನಾನು ಹೇಳ್ತೀನಿ, ನಮ್ಮ ಬೀದರ್‌ನಲ್ಲಿ ಪ್ರತಿ ಓಣಿಯಲ್ಲೂ ಅಂಥ ಒಂದು ಗಾಡಿ ನಿಂತಿರುತ್ತೆ. ನಮ್ಮ ಚಿಕ್ಕಪ್ಪನ ಮಗ ಒಬ್ಬ ಡೀಲರ್ ಹತ್ರ ತಂದ. ರೇಟ್ ಚೆನ್ನಾಗೇ ಇತ್ತು, ಆದರೆ ಹಳೆ ಮಾಲೀಕನ ಸಾಲ ಆರ್‌ಸಿಯಲ್ಲಿ ಹಾಗೇ ಇತ್ತು, ಬ್ಯಾಂಕಿನ ಎನ್‌ಒಸಿ (ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ) ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ತಿಂಗಳುಗಟ್ಟಲೆ ಓಡಾಡಿಸಿದರು. ಮೇಲೆ ಟ್ರಾಫಿಕ್ ಚಲನ್ ಬಾಕಿ ಬೇರೆ, ಅದು ತೀರದೆ ಆರ್‌ಟಿಒ ಎನ್‌ಒಸಿ ಕೊಡಲಿಲ್ಲ.

ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿಟ್ಟರೆ ನಮ್ಮ ನಂಬರ್ ಮಾಡಿಸಲೇಬೇಕು. ನೀವಾದ್ರೆ ಕೆಎ 32. ಅದಕ್ಕೆ ಅಲ್ಲಿಂದ ಫಾರ್ಮ್ 28ರ ಎನ್‌ಒಸಿ, ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟೋದು. ಗಾಡಿ ಹಳೇದಾದಷ್ಟು ಟ್ಯಾಕ್ಸ್ ಕಡಿಮೆ, ಆದರೂ ನಮ್ಮ ರಾಜ್ಯದ ಟ್ಯಾಕ್ಸ್ ಅಂದ್ರೆ ಸಣ್ಣದಲ್ಲ. ಅಗ್ಗ ಅಂದಿದ್ದು ಅಲ್ಲಿಗೇ ಸರಿಹೋಯ್ತು.

ಇನ್ನೊಂದು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಲ್ಲಿ ದೊಡ್ಡ ಮಳೆ ಬಂದು ಎಷ್ಟೋ ಗಾಡಿ ನೀರಲ್ಲಿ ನಿಂತವು. ಅದಕ್ಕಿಂತ ಹಳೇ ಗಾಡಿ ನೋಡ್ತಿದ್ದರೆ ಸೀಟ್ ಬೆಲ್ಟ್ ಕೊನೇವರೆಗೂ ಎಳೀರಿ, ಪೂರ್ತಿ, ಇನ್ನು ಬರಲ್ಲ ಅನ್ನೋವರೆಗೆ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಮಣ್ಣಿನ ಕಂದು ಗೆರೆ ಇದ್ದರೆ ಅಥವಾ ಅಲ್ಲಿ ಮಾತ್ರ ಬಟ್ಟೆ ಗಡುಸಾಗಿದ್ದರೆ ಗಾಡಿ ಬಿಟ್ಟು ಬನ್ನಿ. ಸೀಟು ತೊಳೀತಾರೆ, ಮ್ಯಾಟ್ ಬದಲಾಯಿಸ್ತಾರೆ, ಬೆಲ್ಟಿನ ಆ ತುದಿ ಯಾರೂ ತೊಳೆಯಲ್ಲ.

ಲೆಕ್ಕದ_ಮೇಷ್ಟ್ರು:
ಸೆಕೆಂಡ್ ಹ್ಯಾಂಡ್ ಬಗ್ಗೆ ನಂದೂ ಒಂದು ಮಾತು. ಹಳೇ ಗಾಡಿಗೆ ಬಡ್ಡಿ ಜಾಸ್ತಿ, ಅವಧಿ ಕಮ್ಮಿ. 13 ಪರ್ಸೆಂಟ್‌ನಲ್ಲಿ ಮೂರು ಲಕ್ಷ, ನಾಲ್ಕು ವರ್ಷ ಅಂದ್ರೆ ಕಂತು 8,050. ಹೊಸ ಆಲ್ಟೊದ ನಾಲ್ಕು ಲಕ್ಷ ಸಾಲಕ್ಕೂ ಇದಕ್ಕೂ ತಿಂಗಳಿಗೆ ಬರೀ ಇನ್ನೂರೈವತ್ತು ವ್ಯತ್ಯಾಸ. ಹಳೇದು ತಗೊಳ್ಳೋದಾದ್ರೆ ಕೈದುಡ್ಡಲ್ಲಿ ತಗೊಳ್ಳಿ, ಸಾಲ ಮಾಡಿ ಬೇಡ. ಚೌಕಾಸಿ ಮಾಡುವಾಗ ಇದನ್ನೂ ನೆನಪಿಡಿ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18 ಆಗಿದೆ, ಹೊಸದೇ ಇಳಿದ ಮೇಲೆ ಹಳೇದು ಹಳೇ ರೇಟಿಗೆ ಯಾಕೆ ಕೊಳ್ಳಬೇಕು?

ಸ್ಪ್ಯಾನರ್_ಸೇಡಂ_ರೋಡ್:
ನೀವೆಲ್ಲ ಬಡ್ಡಿಯಲ್ಲೇ ಇದ್ದೀರಿ, ಗಾಡೀಲಿ ಕೂರೋರು ಯಾರು ಅಂತ ಯಾರೂ ಕೇಳಲಿಲ್ಲ. ಅಪ್ಪ ಅವ್ವಗೆ ಮೊಣಕಾಲು ನೋವಿದೆಯಾ? ಆಲ್ಟೊ ಕೆಳಗೆ, ಕೂತು ಏಳೋದು ಕಷ್ಟ, ಹಿಂದೆ ಮೂರು ಜನ ದೊಡ್ಡವರು ಅಂದ್ರೆ ಒಬ್ಬರ ಭುಜ ಒಬ್ಬರ ಮೇಲೆ. ವ್ಯಾಗನ್ ಆರ್ ಎತ್ತರ, ಸೀದಾ ಕೂರಬಹುದು, ವಯಸ್ಸಾದವರು ಅದಕ್ಕೇ ಇಷ್ಟಪಡೋದು. ಆರು ಜನರ ಮನೆಗೆ ಇವೆಲ್ಲ ಐದು ಸೀಟು, ಅದೂ ಲೆಕ್ಕದಲ್ಲಿರಲಿ.

ಗಟ್ಟಿತನ ನೋಡಿದರೆ ಟಾಟಾ ಟಿಯಾಗೊ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ, ಅಂದ್ರೆ ಕಾರು ಗುದ್ದಿಸಿ ನೋಡೋ ಸುರಕ್ಷತಾ ಪರೀಕ್ಷೆಯಲ್ಲಿ, ಐದಕ್ಕೆ ನಾಲ್ಕು ಸ್ಟಾರ್ ಬಂದಿದೆ. 2023ರಲ್ಲಿ ಆಲ್ಟೊ ಕೆ10ಗೆ ಎರಡು, ವ್ಯಾಗನ್ ಆರ್‌ಗೆ ಒಂದು. ಆಮೇಲೆ ಆಲ್ಟೊಗೆ ಆರು ಏರ್‌ಬ್ಯಾಗ್ ಕೊಟ್ಟಿದ್ದಾರೆ, ಒಳ್ಳೇದೇ, ಆದರೆ ಬಾಡಿ ಅದೇ. ಶಹಾಬಾದ್ ರೋಡಲ್ಲಿ ಕಲ್ಲಿನ ಲಾರಿ, ಸಿಮೆಂಟ್ ಲಾರಿ ನಡುವೆ ಓಡಿಸೋರು ನೀವು, ಯೋಚನೆ ಮಾಡಿ. ಆ ಧೂಳಿಗೆ ಏರ್ ಫಿಲ್ಟರ್, ಎಸಿ ಫಿಲ್ಟರ್ ಎರಡೂ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಮೊದಲೇ ಬದಲಾಯಿಸಬೇಕು, ಇಲ್ಲಾಂದ್ರೆ ಮೇ ತಿಂಗಳಲ್ಲಿ ಎಸಿ ತಣ್ಣಗಾಗ್ತಿಲ್ಲ ಅಂತ ನಮ್ಮ ಹತ್ರಾನೇ ಬರ್ತೀರಿ. ಬಣ್ಣ ಬಿಳೀದೇ ತಗೊಳ್ಳಿ. ಸಿಎನ್‌ಜಿ ಬಂಕ್ ದಿನದ ದಾರಿಯಲ್ಲಿ ಇದ್ದರೆ ಮಾತ್ರ ಸಿಎನ್‌ಜಿ, ಮತ್ತೆ ಡಿಕ್ಕಿಯಲ್ಲಿ ಸಿಲಿಂಡರ್ ಕೂತರೆ ಊರಿಂದ ಜೋಳದ ಚೀಲ ಎಲ್ಲಿಡ್ತೀರಿ?

ಇನ್ಶೂರೆನ್ಸ್ ಶೋರೂಮಲ್ಲೇ ಮಾಡಿಸಬೇಕು ಅಂತೇನಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ) ಕಡ್ಡಾಯ. 2022ರಲ್ಲಿ ಸರ್ಕಾರ ಗೊತ್ತುಮಾಡಿದ ದರದಲ್ಲಿ 1,000 ಸಿಸಿ ಒಳಗಿನ ಕಾರಿಗೆ ಅದು 6,521, 1,000ದಿಂದ 1,500 ಸಿಸಿಗೆ 10,640, ಎಲ್ಲಿ ತಗೊಂಡರೂ ಅಷ್ಟೇ, ಮೇಲೆ ಟ್ಯಾಕ್ಸ್. ಆಲ್ಟೊ 998 ಸಿಸಿ, ಟಿಯಾಗೊ 1,199. ವ್ಯತ್ಯಾಸ ಬರೋದೆಲ್ಲ ಓನ್ ಡ್ಯಾಮೇಜ್, ಅಂದ್ರೆ ನಮ್ಮ ಗಾಡಿಗೇ ಆಗೋ ನಷ್ಟದ ಭಾಗದಲ್ಲಿ. ಅದನ್ನ ಹೊರಗೆ ಎರಡು ಕಡೆ ಕೇಳಿ ಆ ಕಾಗದ ತೋರಿಸಿ, ಶೋರೂಮ್‌ನವರೇ ಇಳಿಸ್ತಾರೆ.

ತೊಗರಿ_ರಾಶಿ:
ಆಳಂದ ಅಣ್ಣಾ, ತೊಗರಿ ದುಡ್ಡನ್ನ ತಿಂಗಳ ಕಂತಿಗೆ ಸೇರಿಸಬೇಡಿ. ನೆಟೆ ರೋಗ ಬಂದ ವರ್ಷ ನಿಂತ ಬೆಳೆ ಹಾಗೇ ಒಣಗಿದ್ದು ನೋಡಿದ್ದೀರಲ್ಲ. ಬಂದ ವರ್ಷ ಮಾತ್ರ ಒಂದೇ ಸಲ ಸಾಲಕ್ಕೆ ಕಟ್ಟಿ. ನಾಲ್ಕು ಲಕ್ಷ ಸಾಲಕ್ಕೆ ಒಂದು ವರ್ಷ ಆದ ಮೇಲೆ 50,000 ಕಟ್ಟಿದರೆ ಎಂಟು ಕಂತು ಕಡಿಮೆ ಆಗುತ್ತೆ. ಆದರೆ ಸಹಿ ಹಾಕೋ ಮೊದಲೇ ಕೇಳಿ, ಮಧ್ಯೆ ಕಟ್ಟೋಕೆ ಬಿಡ್ತಾರಾ, ಎಷ್ಟು ತಿಂಗಳಾದ ಮೇಲೆ, ಅದಕ್ಕೆ ಚಾರ್ಜ್ ಎಷ್ಟು, ಪೂರ್ತಿ ಮುಗಿಸಿದರೆ ಎಷ್ಟು. ಬಾಯಲ್ಲಿ ಹೇಳಿದ್ದು ನಡೆಯಲ್ಲ, ಅಗ್ರಿಮೆಂಟಲ್ಲಿ ತೋರಿಸಿ ಅನ್ನಿ. ಕಂತು ಕಡಿಮೆ ಮಾಡಲಾ, ಅವಧಿ ಕಡಿಮೆ ಮಾಡಲಾ ಅಂತ ಕೇಳ್ತಾರೆ. ಅವಧಿ ಅನ್ನಿ.

ಆಳಂದ_ಕಡೆಯವ:
ಎಲ್ಲರಿಗೂ ಥ್ಯಾಂಕ್ಸ್. ಫ್ಲಾಟ್ ಸಾಲ ಬೇಡ, ಹೈದರಾಬಾದ್ ಗಾಡೀನೂ ಬೇಡ. ಸಂಬಳ ಬೀಳೋ ಬ್ಯಾಂಕ್‌ನಲ್ಲೇ ಕೇಳ್ತೀನಿ. ಅವ್ವಗೆ ಮೊಣಕಾಲು ನೋವು ಇದೆ, ಅದಕ್ಕೇ ಮನಸ್ಸು ವ್ಯಾಗನ್ ಆರ್ ಕಡೆ ಎಳೀತಿದೆ. ಈ ವರ್ಷದ ತೊಗರಿ ಮಾರೋವರೆಗೆ ಕಾದು ಡೌನ್ ಪೇಮೆಂಟ್ ಎರಡೂವರೆ ಲಕ್ಷ ಮಾಡಿದರೆ?

ಲೆಕ್ಕದ_ಮೇಷ್ಟ್ರು:
ಆಗ ಸಾಲ ನಾಲ್ಕೂಕಾಲು ಲಕ್ಷ, ಕಂತು 8,800. ಅರ್ಧಕ್ಕಿಂತ ಜಾಸ್ತಿ ದಿನ ಬೈಕ್‌ನಲ್ಲೇ ಹೋದರೆ ಮಾತ್ರ ಆಗುತ್ತೆ. ಕೊಟೇಷನ್‌ನಲ್ಲಿ ಆಕ್ಸೆಸರಿ, ಹ್ಯಾಂಡ್ಲಿಂಗ್ ಚಾರ್ಜ್ ಅಂತ ಏನಾದರೂ ಸೇರಿಸಿದ್ದರೆ ತೆಗೆಸಿ, ಅಷ್ಟು ಸಾಲ ಇಳಿಯುತ್ತೆ.

ಸ್ಪ್ಯಾನರ್_ಸೇಡಂ_ರೋಡ್:
ಅವ್ವನನ್ನ ಶೋರೂಮ್‌ಗೆ ಕರ್ಕೊಂಡು ಹೋಗಿ ಎರಡರಲ್ಲೂ ಕೂರಿಸಿ ಇಳಿಸಿ. ಟಿಯಾಗೊದಲ್ಲೂ ಕೂರಿಸಿ. ಸಾಲ ತೀರಿದ ದಿನ ಬ್ಯಾಂಕಿಂದ ಎನ್‌ಒಸಿ, ಫಾರ್ಮ್ 35 (ಸಾಲ ಮುಗಿದಿದೆ ಅಂತ ಆರ್‌ಟಿಒಗೆ ಕೊಡೋ ಅರ್ಜಿ) ಎರಡೂ ಇಸ್ಕೊಂಡು ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ತೆಗೆಸೋದು ಮರೀಬೇಡಿ, ಮಾರೋವಾಗ ಬೀದರ್ ಅಣ್ಣನ ತಮ್ಮನ ಕಥೆ ನಿಮ್ಮದಾಗೋದು ಬೇಡ.