ಸುರಕ್ಷಾ ಕ್ಲಿನಿಕ್: ಬಂದವರೇ ಮತ್ತೆ ಬರ್ತಾರೆ, ಜೋಡಿ ಮಾತ್ರ ಬರೋದಿಲ್ಲ

ಮಾನ್ವಿ_ಓಪಿಡಿ:
ತಾಲ್ಲೂಕು ಆಸ್ಪತ್ರೆ ಸುರಕ್ಷಾ ಕ್ಲಿನಿಕ್ (ಲೈಂಗಿಕ ರೋಗಗಳಿಗೆ ಚಿಕಿತ್ಸೆ ಕೊಡೋ ಕ್ಲಿನಿಕ್) ಬಗ್ಗೆ ಮೂರು ಪ್ರಶ್ನೆ. ಉರಿಮೂತ್ರ, ಕೀವು ಅಂತ ಬಂದವರಿಗೆ ಬೂದು ಕಿಟ್ (ಒಂದೊಂದು ದೂರಿಗೆ ಒಂದೊಂದು ಬಣ್ಣದ ಔಷಧಿ ಪ್ಯಾಕೆಟ್ ಇರ್ತದ) ಕೊಟ್ಟರೂ ತಿಂಗಳೊಳಗೆ ಅದೇ ದೂರು. ಜೋಡಿನ (ಲೈಂಗಿಕ ಸಂಗಾತಿನ) ಕರ್ಕೊಂಡು ಬರ್ರಿ ಅಂದ್ರ ಯಾರೂ ಕರ್ಕೊಂಡು ಬರಲ್ಲ. ಇನ್ನೊಂದು, ಏಪ್ರಿಲ್-ಮೇದಾಗ ಆರ್‌ಪಿಆರ್ (ಸಿಫಿಲಿಸ್ ರಕ್ತಪರೀಕ್ಷೆ) ಸುಮ್ಮಸುಮ್ಮನೆ ‘ವೀಕ್ ರಿಯಾಕ್ಟಿವ್’ (ಸ್ವಲ್ಪ ಪಾಸಿಟಿವ್) ಬರ್ತದ, ಮತ್ತೆ ಮಾಡಿದ್ರ ನಾನ್‌ರಿಯಾಕ್ಟಿವ್ (ನೆಗೆಟಿವ್). ಕೊನೇದು, ಅಲರ್ಜಿ ಆದೀತಂತ ಪೆನ್ಸಿಲಿನ್ ಚುಚ್ಚಾಕ ಸಿಬ್ಬಂದಿ ಹೆದರ್ತಾರ. ಜನನಾಂಗದಾಗ ಹುಣ್ಣು ಅಂತ ಬಂದವರಿಗೆಲ್ಲ ಇಂಜೆಕ್ಷನ್ ಇಲ್ಲದ ನೀಲಿ ಕಿಟ್ಟೇ ಗತಿ ಆಗ್ಯದ.

ಸ್ಕಿನ್‌ವಿಡಿ_ಬಳ್ಳಾರಿ:
ಬೂದು ಕಿಟ್‌ನಲ್ಲಿ ಅಜಿಥ್ರೋಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿ.ಗ್ರಾಂ, ಎರಡೂ ಒಂದೇ ಡೋಸ್. ಕೈಗೆ ಕೊಟ್ಟು ಕಳಿಸಬೇಡಿ, ನೀರು ಕೊಟ್ಟು ಎದುರಿಗೇ ನುಂಗಿಸಿ. ತಾಸಿನೊಳಗೆ ವಾಂತಿಯಾದರೆ ಮತ್ತೆ ಕೊಡಬೇಕು. ಬರುವ ಮುಂಚೆ ಆರ್‌ಎಂಪಿ (ಡಿಗ್ರಿ ಇಲ್ಲದ ಹಳ್ಳಿ ಡಾಕ್ಟರ್) ಹತ್ತಿರ ಸಿಪ್ರೋ ಅನ್ನೋ ಆ್ಯಂಟಿಬಯೋಟಿಕ್ ನುಂಗಿದ್ದಾರಾ ಕೇಳಿ. ಕೀವು ಬರಿಸುವ ಗೊನೊರಿಯಾ ಸೋಂಕಿಗೆ ಅದು ಈಗ ನಾಟುವುದಿಲ್ಲ, ಕೀವು ಕಡಿಮೆಯಾದಂತೆ ಕಂಡು ರೋಗ ಒಳಗೇ ಉಳಿಯುತ್ತೆ.

ಆದರೆ ಮರುಕಳಿಸಿದಾಗ ನನ್ನ ಮೊದಲ ಅನುಮಾನ ಔಷಧಿ ಮೇಲಲ್ಲ, ಜೋಡಿ ಮೇಲೆ. ಹಿಂದಿನ 60 ದಿನದಲ್ಲಿ ಸಂಪರ್ಕ ಇದ್ದವರೆಲ್ಲರಿಗೂ ಚಿಕಿತ್ಸೆ ಆಗಬೇಕು. ಇಬ್ಬರೂ ಔಷಧಿ ತಗೊಂಡ ಮೇಲೂ 7 ದಿನ ಸಂಪರ್ಕ ಬೇಡ, ಆಮೇಲೆ ಕಾಂಡೋಮ್. ಗುಳೆ ಹೋಗಿ ಬಂದ ಗಂಡ ಇಲ್ಲಿ ಗುಣವಾಗ್ತಾನೆ, ಹೆಂಡತಿ ಬಿಳಿ ಹೋಗ್ತದೆ ಅಂತ ಬೇರೆ ಓಪಿಡಿಗೆ ಹೋಗಿ ಹಸಿರು ಕಿಟ್ ತಗೊಂಡು ಬರ್ತಾಳೆ. ಅದರಲ್ಲಿರೋದು ಸೆಕ್ನಿಡಾಜೋಲ್ 2 ಗ್ರಾಂ, ಫ್ಲುಕೊನಾಜೋಲ್ 150 ಮಿ.ಗ್ರಾಂ, ಗರ್ಭಕೋಶದ ಬಾಯಲ್ಲಿ ಕೀವಿದ್ದರೆ ಅದಕ್ಕೇನೂ ಆಗೋದಿಲ್ಲ. ಸ್ಪೆಕ್ಯುಲಂ (ಯೋನಿ ಅಗಲಿಸಿ ನೋಡುವ ಸಾಧನ) ಹಾಕಿ ದೀಪ ಹಿಡಿದು ನೋಡಿದರಷ್ಟೇ ಬೂದು ಕಿಟ್ಟೂ ಬೇಕು ಅಂತ ಗೊತ್ತಾಗೋದು. ಪರದೆ, ಟೇಬಲ್, ದೀಪ ಇಲ್ಲದ ಕಡೆ ಕಿಟ್ ಹಂಚಿಕೆ ಆಗ್ತದೆ, ಚಿಕಿತ್ಸೆ ಅಲ್ಲ.

ಲ್ಯಾಬ್_ಕೊಪ್ಪಳ:
ಆರ್‌ಪಿಆರ್‌ಗೆ ರೂಮ್ 23ರಿಂದ 29 ಡಿಗ್ರಿ ಒಳಗ ಇರಬೇಕ್ರಿ. ನಮ್ಮ ಕಡೆ ಬೇಸಿಗ್ಯಾಗ ಎಸಿ ಇಲ್ಲದ ಲ್ಯಾಬಿನಾಗ ಅದು ಎಲ್ಲಿ ಸಾಧ್ಯ? ಶಾಖ ಏರಿದಷ್ಟು ರಿಯಾಕ್ಷನ್ ಜೋರಾಗತೈತಿ. ಮುಂಜಾನೆ ತಂಪಿನಾಗ ಬ್ಯಾಚ್ ಹಚ್ರಿ, ಗೋಡೆಗೆ ಥರ್ಮಾಮೀಟರ್ ತೂಗ್ಹಾಕಿ ರಿಜಿಸ್ಟರಿನಾಗ ಬರೀರಿ. ಆಂಟಿಜನ್ (ಪರೀಕ್ಷೆಗೆ ಬಳಸೋ ದ್ರಾವಣ) 2–8 ಡಿಗ್ರಿ ಫ್ರಿಡ್ಜಿನಾಗ ಇರಲಿ, ರೂಮಿನ ಶಾಖಕ್ಕ ಬಂದ ಮ್ಯಾಲ ಅಲ್ಲಾಡಿಸಿ ಬಳಸ್ರಿ. ಸೀರಂ (ರಕ್ತದ ತಿಳಿ) 50 ಮೈಕ್ರೋಲೀಟರ್, ಕಾರ್ಡ್ ತಿರುಗಿಸೋ ರೋಟೇಟರ್ ನಿಮಿಷಕ್ಕ 100 ಸುತ್ತು, 8 ನಿಮಿಷ. ಕಾರ್ಡ್ ಮ್ಯಾಲ ಒದ್ದೆ ಸ್ಪಾಂಜ್ ಇರೋ ಮುಚ್ಚಳ ಹಾಕದಿದ್ರ ಒಣಹವಾಕ್ಕ ಹನಿಯ ಅಂಚು ಒಣಗಿ ನಿಜವಾದ ರಿಯಾಕ್ಷನ್ ಹಂಗ ಕಪ್ಪು ಕಾಳು ಕಾಳಾಗಿ ಕಾಣ್ತೈತಿ. ಅದನ್ನೇ ‘ವೀಕ್’ ಅಂತ ಓದಿಬಿಡ್ತಾರ.

ಉಲ್ಟಾ ತಪ್ಪೂ ಐತ್ರಿ. ಸಿಫಿಲಿಸ್ ಹಂಗ ಅಂಗೈ ಅಂಗಾಲಿಗೆ ಕಲೆ ಎದ್ದೈತಿ, ಆರ್‌ಪಿಆರ್ ನಾನ್‌ರಿಯಾಕ್ಟಿವ್ ಬಂದೈತಿ ಅಂದ್ರ ಸೀರಂ 1:16ಕ್ಕ ತೆಳು ಮಾಡಿ ಮತ್ತ ನೋಡ್ರಿ. ಪ್ರತಿಕಾಯ ಭಾಳ ಇದ್ದಾಗ ಗಟ್ಟಿ ಸೀರಂನಾಗ ಗಂಟು ಕಟ್ಟೋದಿಲ್ಲ, ರೋಗ ಇದ್ರೂ ನಾನ್‌ರಿಯಾಕ್ಟಿವ್ ಕಾಣ್ತೈತಿ.

ಸಿಸ್ಟರ್_ಸಿರುಗುಪ್ಪ:
ಪೆನ್ಸಿಲಿನ್ ಬಗ್ಗೆ. ಹುಣ್ಣಿಗೆ ಬಿಳಿ ಕಿಟ್ಟು: ಬೆಂಜಥೀನ್ ಪೆನ್ಸಿಲಿನ್ 24 ಲಕ್ಷ ಯೂನಿಟ್, ಜೊತೆಗೆ ಅಜಿಥ್ರೋ 1 ಗ್ರಾಂ. ನೀಲಿ ಕಿಟ್ಟು ಅಲರ್ಜಿ ಇದ್ದವರಿಗೆ ಮಾತ್ರ. ಅದರ ಡಾಕ್ಸಿ ಮಾತ್ರೆ ದಿನಕ್ಕೆ ಎರಡು ಸಲ 15 ದಿನ. ಹುಣ್ಣು ಮಾಯ್ದ ಮೇಲೆ ಯಾರು ನುಂಗ್ತಾರೆ? ಬಸುರಿಗೆ ಡಾಕ್ಸಿ ಕೊಡಲೇಬಾರದು.

ಹಳೇ ಅಲರ್ಜಿ ಕೇಳಿ, ಟೆಸ್ಟ್ ಡೋಸ್ ಕೊಟ್ಟು, ಅಲರ್ಜಿ ಜೋರಾದರೆ ಕೊಡೋಕೆ 1:1000 ಅಡ್ರಿನಲಿನ್ 0.5 ಮಿ.ಲೀ. ಸಿರಿಂಜ್‌ನಲ್ಲಿ ಏರಿಸಿಟ್ಟುಕೊಳ್ಳಿ. ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತೆ. ಔಷಧಿ ಸುಣ್ಣದ ಹಾಲಿನಷ್ಟು ಮಂದ. ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತೆ, 21 ಗೇಜ್ ಬೇಕು. ಏರಿಸಿದ ಕೂಡಲೇ ಕೊಡಿ, ಎರಡೂ ಕುಂಡಿಗೆ 12-12 ಲಕ್ಷ, ನಡುವೆ ನಿಲ್ಲಿಸದೆ ನಿಧಾನವಾಗಿ. ಅರ್ಧ ಗಂಟೆ ಬೆಂಚ್ ಮೇಲೆ ಕೂರಿಸಿ. ರಾತ್ರಿ ಜ್ವರ, ಮೈಕೈ ನೋವು ಬರಬಹುದು, ಅದು ಅಲರ್ಜಿ ಅಲ್ಲ ಅಂತ ಮೊದಲೇ ಹೇಳಿರಿ. ಹೇಳದಿದ್ದರೆ ‘ಇಂಜೆಕ್ಷನ್ ಆಗಿಬರಲಿಲ್ಲ’ ಅಂತ ಊರೆಲ್ಲ ಸುದ್ದಿ.

ಮಾನ್ವಿ_ಓಪಿಡಿ:
ಸಿಸ್ಟರ್, ಲ್ಯಾಬ್ ಸರ್, ಇಬ್ಬರಿಗೂ ಥ್ಯಾಂಕ್ಸ್. ಮುಚ್ಚಳದ ಸ್ಪಾಂಜ್ ನಮ್ಮಲ್ಲಿ ಒಣಗೇ ಇರ್ತದ! ಜೋಡಿ ಬೆಂಗಳೂರಾಗ ಗಾರೆ ಕೆಲಸಕ್ಕ ಹೋಗಿದ್ರ ಇನ್ನೊಂದು ಕಿಟ್ ಕೊಟ್ಟು ಕಳಿಸಬಹುದಾ?

ಸ್ಕಿನ್‌ವಿಡಿ_ಬಳ್ಳಾರಿ:
ನಾನಂತೂ ಕೊಡೋದಿಲ್ಲ. ಅವರ ಆರ್‌ಪಿಆರ್, ಎಚ್‌ಐವಿ ಪರೀಕ್ಷೆ ತಪ್ಪಿಹೋಗುತ್ತೆ, ಅಲರ್ಜಿ ಕೇಳೋರೂ ಇರಲ್ಲ. ಚೀಟಿ ಬರೆದುಕೊಡಿ: ಕೋಡ್ ನಂಬರ್, ಕಿಟ್ ಬಣ್ಣ, ತಾರೀಕು, ಇಷ್ಟೇ. ರೋಗದ ಹೆಸರೂ ಬೇಡ, ಮನುಷ್ಯನ ಹೆಸರೂ ಬೇಡ. ಅಲ್ಲಿನ ಯಾವುದೇ ಸುರಕ್ಷಾ ಕ್ಲಿನಿಕ್‌ನಲ್ಲಿ ತೋರಿಸಿದರೆ ಪುಕ್ಕಟೆ ಚಿಕಿತ್ಸೆ ಸಿಗುತ್ತೆ. ಹತ್ತಿರದ್ದು ಎಲ್ಲಿ ಅಂತ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಲಿ. ಚೀಟಿಯನ್ನು ಆಧಾರ್ ಜೊತೆ ಪಿನ್ ಮಾಡಿ ಕೊಡಬೇಡಿ, ಮನೆಯಲ್ಲಿ ಅತ್ತೆ ಕೈಗೆ ಮೊದಲು ಸಿಗೋದು ಅದೇ.