ಪ್ಲಸ್ ಟು ಫಿಸಿಕ್ಸ್: ಕಾಯಿಲ್, ಆಯಸ್ಕಾಂತ, ರಿಲೇಟಿವಿಟಿ ಲೆಕ್ಕಗಳನ್ನು ನೀವು ಹೇಗೆ ದಾಟಿದಿರಿ?

ಕೇಳಿದ್ದು, ಪೆರ್ಲದಿಂದ

ಹತ್ತನೇ ತನಕ ಕನ್ನಡ ಮೀಡಿಯಂ ಓದಿದವಳು. ಈಗ ಪ್ಲಸ್ ಟು (ಕೇರಳದ ಹನ್ನೆರಡನೇ ತರಗತಿ), ಎಲ್ಲ ಇಂಗ್ಲಿಷ್. ಸೂತ್ರಗಳೆಲ್ಲ ಬಾಯಿಪಾಠ ಇವೆ. ಆದರೆ ಪ್ರಶ್ನೆ ನೋಡಿದ ಕೂಡಲೇ ಯಾವುದನ್ನು ಹಾಕಬೇಕು ಅಂತ ಹೊಳೆಯುವುದಿಲ್ಲ. ವಿದ್ಯುತ್ಕಾಂತೀಯ ಪ್ರೇರಣೆಯಲ್ಲಂತೂ (ಆಯಸ್ಕಾಂತ ಚಲಿಸಿದಾಗ ಕಾಯಿಲಿನಲ್ಲಿ ವಿದ್ಯುತ್ತು ಹುಟ್ಟುವುದು) ವಿದ್ಯುತ್ತಿನ ದಿಕ್ಕು ಯಾವಾಗಲೂ ತಪ್ಪು. ಮುಂದೆ ಬಿಎಸ್ಸಿ ಫಿಸಿಕ್ಸ್ ಮಾಡುವ ಆಸೆ ಇದೆ, ಹಾಗಾಗಿ ಹೊರದೇಶದ ಹೈಸ್ಕೂಲ್ ಪ್ರಶ್ನೆಪತ್ರಿಕೆಗಳನ್ನೂ ಬಿಡಿಸಿ ನೋಡುತ್ತಿದ್ದೇನೆ. ಅವುಗಳಲ್ಲಿ ರಿಲೇಟಿವಿಟಿ, ಅಂದರೆ ಬೆಳಕಿನ ವೇಗದ ಹತ್ತಿರ ಓಡುವಾಗ ಸಮಯ, ದೂರ ಬದಲಾಗುವ ಲೆಕ್ಕ, ಜಾಸ್ತಿ. ಅಕ್ಕಂದಿರು, ಅಣ್ಣಂದಿರು ನಿಮ್ಮ ಅನುಭವ ಹೇಳ್ತೀರಾ?

ಬದಿಯಡ್ಕದಿಂದ

ತಂಗೀ, ನಾನೂ ಇದೇ ದಾರಿಯಲ್ಲಿ ಬಂದವಳು. ಮೊದಲ ಪರೀಕ್ಷೆಯಲ್ಲಿ 'ಪ್ರೇರಿತ ವಿದ್ಯುತ್ತು ಫ್ಲಕ್ಸನ್ನು ವಿರೋಧಿಸುತ್ತದೆ' ಅಂತ ಬರೆದು ಸ್ಕೋರ್ ಕಳೆದುಕೊಂಡೆ. ಫ್ಲಕ್ಸ್ ಅಂದರೆ ಕಾಯಿಲಿನ ಮೂಲಕ ಹಾಯುವ ಕಾಂತಕ್ಷೇತ್ರದ ಮೊತ್ತ. ವಿರೋಧ ಇರುವುದು ಫ್ಲಕ್ಸಿಗಲ್ಲ, ಫ್ಲಕ್ಸಿನ ಬದಲಾವಣೆಗೆ. ಇದು ತಲೆಗೆ ಹೋದ ಮೇಲೆ ದಿಕ್ಕು ತಾನಾಗಿ ಸರಿಯಾಯಿತು.

ತಾಮ್ರದ ಬಳೆಯೊಂದರ ಮೂಲಕ ಆಯಸ್ಕಾಂತ ಬೀಳುತ್ತಿದೆ, ಉತ್ತರ ಧ್ರುವ ಕೆಳಗೆ ಅಂತ ಇಟ್ಟುಕೋ. ಹತ್ತಿರ ಬರುವಾಗ ಬಳೆ 'ಬರಬೇಡ' ಅನ್ನುತ್ತದೆ. ಅಂದರೆ ಬಳೆಯ ಮೇಲಿನ ಮುಖ ಉತ್ತರ ಧ್ರುವ ಆಗಬೇಕು. ಮೇಲಿಂದ ನೋಡಿದರೆ ವಿದ್ಯುತ್ತು ಅಪ್ರದಕ್ಷಿಣವಾಗಿ ಹರಿಯುತ್ತದೆ. ದಾಟಿ ಹೋಗುವಾಗ ಅದೇ ಬಳೆ 'ಹೋಗಬೇಡ' ಅನ್ನುತ್ತದೆ. ಈಗ ಕೆಳಗಿನ ಮುಖ ಉತ್ತರ, ವಿದ್ಯುತ್ತು ದೇವಸ್ಥಾನದಲ್ಲಿ ನಾವು ಸುತ್ತು ಬರುವ ದಿಕ್ಕಿಗೆ. ಎರಡು ಸಲವೂ ಆಯಸ್ಕಾಂತಕ್ಕೆ ತಡೆಯೇ. ನಂಬಿಕೆ ಬಾರದಿದ್ದರೆ ಎಸಿ ರಿಪೇರಿಯವರಿಂದ ತಾಮ್ರದ ಪೈಪಿನ ತುಂಡು ತಂದು ಒಳಗೆ ಹಿಡಿಸುವಷ್ಟು ಸಣ್ಣ, ಬಲವಾದ ಆಯಸ್ಕಾಂತ ಬಿಟ್ಟು ನೋಡು. ಪೈಪಿಗೆ ಅಂಟುವುದಿಲ್ಲ, ಆದರೂ ತೇಲಿದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ನಮ್ಮ ಅಜ್ಜಿ ಅದನ್ನು ಮೂರು ಸಲ ಬಿಡಿಸಿ ನೋಡಿದ್ದಾರೆ.

ರಿಲೇಟಿವಿಟಿಯಲ್ಲಿ ನನ್ನ ತಪ್ಪು ಇನ್ನೊಂದು. ಯಾರ ಗಡಿಯಾರ ಅಂತ ಕೇಳದೆ ಸುಮ್ನೆ ಗಾಮಾದಿಂದ (ವೇಗಕ್ಕೆ ತಕ್ಕಂತೆ ಸಮಯ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವ ಸಂಖ್ಯೆ) ಗುಣಿಸುತ್ತಿದ್ದೆ. ಮೊದಲು ಎರಡು ಘಟನೆ ಯಾವುವು ಅಂತ ಬರೆ. ಎರಡರಲ್ಲೂ ಹಾಜರಿದ್ದ ಗಡಿಯಾರವೇ ಕಮ್ಮಿ ಸಮಯ ತೋರಿಸುವುದು. ಮ್ಯೂವಾನ್ ಅನ್ನುವ ಅಲ್ಪಾಯುಷಿ ಕಣದ ಲೆಕ್ಕ ನೋಡು. ಅದರ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದ 0.995 ಪಾಲು ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಸುಮಾರು 660 ಮೀಟರ್ ಹೋಗಬಹುದು. ಆ ವೇಗಕ್ಕೆ ಗಾಮಾ ಸುಮಾರು 10. ಹುಟ್ಟುವಾಗಲೂ ಸಾಯುವಾಗಲೂ ಜೊತೆಗಿದ್ದದ್ದು ಮ್ಯೂವಾನಿನ ಗಡಿಯಾರ, ಆದ್ದರಿಂದ 2.2 ಅದರದ್ದು. ನಮ್ಮ ಗಡಿಯಾರದಲ್ಲಿ 22, ದೂರ 6.6 ಕಿಲೋಮೀಟರ್. ಮ್ಯೂವಾನಿಗೆ ಕೇಳಿದರೆ ಆಯುಸ್ಸು ಒಂದಿಷ್ಟೂ ಉದ್ದ ಆಗಿಲ್ಲ, ದಾರಿಯೇ ಹತ್ತನೇ ಒಂದು ಪಾಲಿಗೆ ಕುಗ್ಗಿದೆ.

ಕುಂಬಳೆಯಿಂದ

ರಿಲೇಟಿವಿಟಿಗೆ ಈಗ ಸಮಯ ಹಾಕಬೇಡ ಅನ್ನುವುದು ನನ್ನ ಮಾತು. ನಮ್ಮ ಪ್ಲಸ್ ಟುವಿನಲ್ಲಿ ಅದು ಪಾಠವಾಗಿ ಇಲ್ಲ. ನ್ಯೂಕ್ಲಿಯಸ್ ಪಾಠದಲ್ಲಿ ದ್ರವ್ಯರಾಶಿ ಶಕ್ತಿಯಾಗುವ ಲೆಕ್ಕ ಬರುತ್ತದೆ, 1 ಯು (ಪರಮಾಣುಗಳ ದ್ರವ್ಯರಾಶಿಯ ಮಾನ) ಅಂದರೆ 931.5 ಎಂಇವಿ (ಶಕ್ತಿಯ ಮಾನ) ಅಂತ ನೆನಪಿದ್ದರೆ ಆಯಿತು. ನನಗೆ ಕೈಕೊಟ್ಟದ್ದು ಇಂಗ್ಲಿಷ್. 'ಚೇಂಜ್' ಮತ್ತು 'ರೇಟ್ ಆಫ್ ಚೇಂಜ್' ಒಂದೇ ಅಂತ ಓದಿಕೊಂಡು ಸೆಕೆಂಡಿನಿಂದ ಭಾಗಿಸಲೇ ಇಲ್ಲ. ಬರೆಯುವ ಮೊದಲು ಪ್ರಶ್ನೆ ಓದಲು ಕೂಲ್ ಆಫ್ ಟೈಮ್ ಅಂತ 15 ನಿಮಿಷ ಸಿಗುತ್ತದಲ್ವಾ, ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೋ ತುಳುವಿಗೋ ತಿರುಗಿಸಿಕೋ.

ಮಂಜೇಶ್ವರದಿಂದ, ಟ್ಯೂಷನ್ ಮಾಡುವವರು

ನಾನು ಪ್ರತಿ ವರ್ಷ ಕೊಡುವ ಲೆಕ್ಕ ಇದು. ರೈಲು ಕಾಸರಗೋಡಿನಿಂದ ಮಂಗಳೂರಿನ ಕಡೆ ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಬ್ರಾಡ್‌ಗೇಜ್ ಹಳಿಗಳ ಅಂತರ 1.676 ಮೀಟರ್. ಭೂಮಿಯ ಕಾಂತಕ್ಷೇತ್ರದ ಲಂಬ ಭಾಗ 1×10⁻⁵ ಟೆಸ್ಲಾ ಅಂತ ಹಿಡಿಯಿರಿ. ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್?

ಅರ್ಧ ಕ್ಲಾಸು 108ನ್ನು ಹಾಗೆಯೇ ಹಾಕುತ್ತದೆ. ಅದು ಸೆಕೆಂಡಿಗೆ 30 ಮೀಟರ್ ಆಗಬೇಕು. ಇನ್ನು ಕೆಲವರು ದೊಡ್ಡದು ಅಂತ ಅಡ್ಡ ಭಾಗವನ್ನು ಹುಡುಕಿ ಹಾಕುತ್ತಾರೆ. ಅದಕ್ಕೆ ಇಲ್ಲಿ ಕೆಲಸವೇ ಇಲ್ಲ, ಅಚ್ಚು ಮಲಗಿಕೊಂಡೇ ಓಡುವುದರಿಂದ ಕತ್ತರಿಸುವುದು ಲಂಬ ಭಾಗವನ್ನು ಮಾತ್ರ. ಕ್ಷೇತ್ರ, ಉದ್ದ, ವೇಗ ಮೂರನ್ನೂ ಗುಣಿಸಿದರೆ ಸುಮಾರು 0.5 ಮಿಲಿವೋಲ್ಟ್. ಇದೇ ರೈಲು ತಿರುವನಂತಪುರದ ಹತ್ತಿರ ಓಡಿದರೆ ಇನ್ನೂ ಕಮ್ಮಿ. ಅಲ್ಲಿಯ ತುಂಬಾ ಎಂಬ ಊರು ಕಾಂತೀಯ ಸಮಭಾಜಕದ (ಲಂಬ ಭಾಗ ಸೊನ್ನೆಯಾಗುವ ಗೆರೆ) ಹತ್ತಿರ ಇದೆ. 1963ರಲ್ಲಿ ರಾಕೆಟ್ ಹಾರಿಸಲು ಆ ಜಾಗ ಆರಿಸಿದ್ದೂ ಅದಕ್ಕೇ.

ಬದಿಯಡ್ಕದಿಂದ, ಮತ್ತೆ

ಕುಂಬಳೆ ಅಣ್ಣ ಹೇಳಿದ್ದು ಪರೀಕ್ಷೆಯ ಲೆಕ್ಕದಲ್ಲಿ ಸರಿ. ಆದರೆ ಎರಡೂ ಬೇರೆ ಬೇರೆ ಅಲ್ಲ. 1905ರ ಐನ್‌ಸ್ಟೈನ್ ಲೇಖನ ಶುರುವಾಗುವುದೇ ಆಯಸ್ಕಾಂತ ಮತ್ತು ವಾಹಕದಿಂದ. ಆಯಸ್ಕಾಂತ ಚಲಿಸಿದರೆ ವಿದ್ಯುತ್ ಕ್ಷೇತ್ರ ಹುಟ್ಟಿತು ಅನ್ನುತ್ತೇವೆ. ವಾಹಕ ಚಲಿಸಿದರೆ ಒಳಗಿನ ಚಾರ್ಜುಗಳ ಮೇಲೆ ಕಾಂತಬಲ ಅನ್ನುತ್ತೇವೆ. ಕಥೆ ಎರಡು, ಮೀಟರಿನ ಮುಳ್ಳು ತೋರಿಸುವುದು ಒಂದೇ. ಲೆಕ್ಕಕ್ಕೆ ಬರುವುದು ಒಂದಕ್ಕೊಂದರ ಚಲನೆ ಮಾತ್ರ. ಇದನ್ನು ಓದಿದ ದಿನವೇ ನನಗೆ ಎರಡು ಪಾಠಗಳೂ ಒಟ್ಟಿಗೆ ಅರ್ಥ ಆದದ್ದು.

ಪೆರ್ಲದಿಂದ

ಅಕ್ಕಾ, ಒಂದು ಲೆಕ್ಕ ಮಾಡಿದೆ. 8 ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೆ ಬೆಳಕಿನ ವೇಗದ 0.8 ಪಾಲು ವೇಗದಲ್ಲಿ ನೌಕೆ ಹೋಗುತ್ತದೆ. ಭೂಮಿಯವರಿಗೆ 10 ವರ್ಷ. ಗಾಮಾ 5/3. ನಿನ್ನೆಯಾದರೆ ಗುಣಿಸಿ 16.7 ಬರೆಯುತ್ತಿದ್ದೆ. ಹೊರಡುವಾಗಲೂ ತಲುಪುವಾಗಲೂ ಇದ್ದದ್ದು ನೌಕೆಯ ಗಡಿಯಾರ, ಹಾಗಾಗಿ ಭಾಗಿಸಿದೆ. 6 ವರ್ಷ. ಕುಗ್ಗಿದ ದೂರ 4.8ನ್ನು 0.8ರಿಂದ ಭಾಗಿಸಿದರೂ 6 ಬಂತು!

ಬದಿಯಡ್ಕದಿಂದ

ಸರಿ ಇದೆ. ಕೊನೆಯ ಸಾಲಿನಲ್ಲಿ 'ನೌಕೆಯ ಗಡಿಯಾರದಂತೆ' ಅಂತ ಸೇರಿಸು. ಬರೀ 6 ವರ್ಷ ಅಂದರೆ ನೋಡುವವರು ಯಾರ 6 ವರ್ಷ ಅಂತ ಕೇಳುತ್ತಾರೆ.