ಗೂಗಲ್ ಫಾರಂ ತುಂಬಿದ ಮಕ್ಕಳಿಗೆ ಬೇರೆ ಮಕ್ಕಳ ಫೋನ್ ನಂಬರ್ ಕಾಣುತ್ತಿದೆ, ನಿಲ್ಲಿಸುವುದು ಹೇಗೆ?

ವಿಜ್ಞಾನ ಟೀಚರ್ | ಸೋಮವಾರ, ಸಂಜೆ 6:40

ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿರುವವರು ದಯವಿಟ್ಟು ಹೇಳಿ.

ಎಂಟನೇ ತರಗತಿಗೆ ಬೆಳೆಗಳ ಪಾಠ ಮುಗಿಸಿದೆ. ಯಾರ ಮನೆಯಲ್ಲಿ ಏನು ಬೆಳೆಯುತ್ತಾರೆ, ನೀರು ಎಲ್ಲಿಂದ ಬರುತ್ತೆ, ಗೊಬ್ಬರ ಯಾವುದು ಅಂತ ಕೇಳಿ ಒಂದು ಗೂಗಲ್ ಫಾರಂ ಮಾಡಿ ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೇಲೆ ಹೆಸರು, ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ಸಂಖ್ಯೆ), ಮನೆಯವರ ಫೋನ್ ನಂಬರ್ ಕೂಡ ಕೇಳಿದ್ದೆ. 43 ಮಕ್ಕಳಲ್ಲಿ 31 ಜನ ತುಂಬಿದ್ದಾರೆ.

ಇವತ್ತು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹುಡುಗ ಬಂದು, "ಟೀಚರ್, ನಮ್ಮಪ್ಪನ ಫೋನಲ್ಲಿ ಎಲ್ಲರ ನಂಬರೂ ಬರುತ್ತೆ" ಅಂದ. ನನಗೆ ಅರ್ಥ ಆಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವರಪ್ಪ ಗೇಟಿನ ಹತ್ತಿರ ಬಂದು ಫೋನ್ ತೋರಿಸಿದರು. ಫಾರಂ ಕಳಿಸಿದ ಮೇಲೆ ಬರುವ ಪುಟದಲ್ಲಿ 'ಸೀ ಪ್ರೀವಿಯಸ್ ರೆಸ್ಪಾನ್ಸಸ್' ಅಂತ ಇತ್ತು. ಒತ್ತಿದರೆ ಮೊದಲು ಹೆಸರುಗಳ ಪಟ್ಟಿ, ಅದರ ಕೆಳಗೆ ಫೋನ್ ನಂಬರುಗಳ ಪಟ್ಟಿ, ಆಮೇಲೆ ರಾಗಿ, ಜೋಳ, ಅಡಿಕೆ ಅಂತ ಬಣ್ಣದ ಚಾರ್ಟು. ಕೈಕಾಲು ತಣ್ಣಗಾಯಿತು.

ಯಾರೋ ಈ ಲಿಂಕನ್ನು ಊರಿನ ಗ್ರೂಪಿಗೂ ಫಾರ್ವರ್ಡ್ ಮಾಡಿದ್ದಾರಂತೆ. ಒಬ್ಬಳು ಹುಡುಗಿಯ ಅಮ್ಮನ ಫೋನಿಗೆ ಗುರುತಿಲ್ಲದ ನಂಬರಿನಿಂದ ಎರಡು ಸಲ 'ಹಾಯ್' ಅಂತ ಬಂದಿದೆ. ಅದು ಇದರಿಂದಲೇ ಬಂತೋ ಇಲ್ಲವೋ ಗೊತ್ತಿಲ್ಲ. ಮೊದಲು ಏನು ಮಾಡಲಿ?

ಗಣಿತ ಮೇಷ್ಟ್ರು | 6:52

ಫಾರಂನಿಂದ ಫೋನ್ ನಂಬರಿನ ಪ್ರಶ್ನೆಯನ್ನೇ ಡಿಲೀಟ್ ಮಾಡಿಬಿಡಿ ಮೇಡಂ. ಆಗ ಕಾಣಲ್ಲ ಅಲ್ವಾ?

ಲ್ಯಾಬ್ ಸರ್ | 7:05

ಮೇಡಂ, ಪ್ರಶ್ನೆ ಡಿಲೀಟ್ ಮಾಡುವುದಕ್ಕಿಂತ ಮೊದಲು ಬಾಗಿಲು ಮುಚ್ಚಿ. ಫಾರಂ ತೆರೆದು ಮೇಲೆ 'ಸೆಟ್ಟಿಂಗ್ಸ್' ಒತ್ತಿ. ಕೆಳಗೆ 'ಪ್ರೆಸೆಂಟೇಶನ್' ಭಾಗದಲ್ಲಿ 'ವ್ಯೂ ರಿಸಲ್ಟ್ಸ್ ಸಮ್ಮರಿ' ಅಂತ ಇದೆ. ಅದು ಆನ್ ಆಗಿರಬೇಕು, ಆಫ್ ಮಾಡಿ. ಮಾಮೂಲಿಯಾಗಿ ಅದು ಆಫ್ ಇರುತ್ತೆ. ಆನ್ ಇದ್ದರೆ ಎಲ್ಲರ ಉತ್ತರವೂ ಎಲ್ಲರಿಗೂ ಕಾಣುತ್ತೆ. ಚಾರ್ಟ್ ಮಾತ್ರ ಅಲ್ಲ, ಬರೆದ ಹೆಸರು, ನಂಬರು ಎಲ್ಲವೂ.

ಆಫ್ ಮಾಡಿದ ಮೇಲೆ ನಿಮ್ಮ ಅಕೌಂಟಿನಲ್ಲಿ ನೋಡಿ ಸರಿಯಾಯ್ತು ಅಂದುಕೊಳ್ಳಬೇಡಿ. ನೀವು ಮಾಲೀಕರು, ನಿಮಗೆ ಯಾವಾಗಲೂ ಎಲ್ಲ ಕಾಣುತ್ತೆ. ಬ್ರೌಸರಿನಲ್ಲಿ ಇನ್‌ಕಾಗ್ನಿಟೋ ವಿಂಡೋ (ನಿಮ್ಮ ಲಾಗಿನ್ ಇಲ್ಲದೆ ತೆರೆಯುವುದು) ತೆರೆದು ಮಕ್ಕಳಿಗೆ ಕಳಿಸಿದ ಲಿಂಕನ್ನೇ ಹಾಕಿ, ಒಬ್ಬ ಹುಡುಗನ ಹಾಗೆ ತುಂಬಿ ಕಳಿಸಿ ನೋಡಿ.

ಆ 'ಹಾಯ್' ಬಂದ ವಿಷಯ ತಡ ಮಾಡಬೇಡಿ. ಹುಡುಗಿಯ ಅಮ್ಮನಿಗೆ ನೀವೇ ಫೋನ್ ಮಾಡಿ ನಡೆದದ್ದನ್ನು ಹೇಳಿ. ಮೆಸೇಜ್ ಅಳಿಸುವುದು ಬೇಡ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಲಿ. ಎಚ್‌ಎಂಗೆ (ಮುಖ್ಯ ಶಿಕ್ಷಕರಿಗೆ) ಇವತ್ತೇ ತಿಳಿಸಿ. ಮುಂದುವರಿದರೆ ಮಕ್ಕಳ ಸಹಾಯವಾಣಿ 1098 ಇದೆ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರಿಗೆ ಬೇರೆ ವಿಭಾಗವೇ ಇದೆ.

ವಿಜ್ಞಾನ ಟೀಚರ್ | 7:48

ಸರ್, ಆನ್ ಇತ್ತು. ಮಾಡಿದ್ದು ನಾನೇ, ಈಗ ನೆನಪಾಯಿತು. ನಮ್ಮ ಊರಿನಲ್ಲಿ ಯಾವ ಬೆಳೆ ಜಾಸ್ತಿ ಅಂತ ಮಕ್ಕಳೇ ಚಾರ್ಟ್ ನೋಡಲಿ ಎಂದು ಆನ್ ಮಾಡಿದ್ದೆ. ಹೆಸರು, ನಂಬರೂ ಬರುತ್ತೆ ಅಂತ ಹೊಳೆಯಲೇ ಇಲ್ಲ. ಈಗ ಆಫ್ ಮಾಡಿದೆ. ಇನ್‌ಕಾಗ್ನಿಟೋದಲ್ಲಿ ತುಂಬಿ ನೋಡಿದೆ, ಆ ಸಾಲು ಬರುತ್ತಿಲ್ಲ.

ಎಚ್‌ಎಂ ಸರ್‌ಗೆ ಹೇಳಿದೆ. ಹುಡುಗಿಯ ಅಮ್ಮನ ಹತ್ತಿರವೂ ಮಾತಾಡಿದೆ. "ನೀವೇ ಹೇಳಿದ್ದು ಒಳ್ಳೇದಾಯ್ತು ಮೇಡಂ" ಅಂದರು.

ಲ್ಯಾಬ್ ಸರ್ | 7:55

ಒಳ್ಳೆಯದು. ಇನ್ನೊಂದು ಪ್ರಶ್ನೆ. ಉತ್ತರಗಳನ್ನು ಗೂಗಲ್ ಶೀಟಿಗೆ (ಉತ್ತರಗಳೆಲ್ಲ ಸಾಲು, ಕಾಲಂ ಆಗಿ ಸೇರುವ ಕಡತ) ಲಿಂಕ್ ಮಾಡಿದ್ದೀರಾ? ಆ ಶೀಟನ್ನು ಯಾರಿಗಾದರೂ ಕಳಿಸಿದ್ದೀರಾ?

ವಿಜ್ಞಾನ ಟೀಚರ್ | 8:10

ಹೌದು, ಕ್ಲಾಸ್ ಟೀಚರಿಗೂ ಬೇಕು ಅಂತ ಸ್ಟಾಫ್ ಗ್ರೂಪಿಗೆ ಹಾಕಿದ್ದೆ. ಈಗ ಅದನ್ನೂ ಇನ್‌ಕಾಗ್ನಿಟೋದಲ್ಲಿ ಹಾಕಿ ನೋಡಿದೆ. ಲಾಗಿನ್ ಕೇಳದೆ ನೇರವಾಗಿ ತೆರೆದುಕೊಂಡಿತು! 31 ಮಕ್ಕಳ ಸಾಲೂ ಇದೆ.

ಲ್ಯಾಬ್ ಸರ್ | 8:31

ಅದೇ ನನ್ನ ಅನುಮಾನ. ಜಾಸ್ತಿ ಸೋರುವುದು ಅಲ್ಲೇ. ಫಾರಂ ಬೇರೆ, ಶೀಟ್ ಬೇರೆ. ಒಂದನ್ನು ಮುಚ್ಚಿದರೆ ಇನ್ನೊಂದು ಮುಚ್ಚುವುದಿಲ್ಲ.

ಶೀಟಿನಲ್ಲಿ 'ಶೇರ್' ಒತ್ತಿ. 'ಎನಿವನ್ ವಿತ್ ದ ಲಿಂಕ್' ಅಂತ ಇರುವುದನ್ನು 'ರಿಸ್ಟ್ರಿಕ್ಟೆಡ್' ಮಾಡಿ. ಕ್ಲಾಸ್ ಟೀಚರಿಗೆ ಬೇಕಿದ್ದರೆ ಅವರ ಇಮೇಲ್ ಹಾಕಿ ಅವರೊಬ್ಬರಿಗೆ ಕೊಡಿ.

ಇನ್ನು ಗಣಿತ ಮೇಷ್ಟ್ರು ಹೇಳಿದ ವಿಷಯ. ಫಾರಂನಲ್ಲಿ ಪ್ರಶ್ನೆ ತೆಗೆದರೂ ಶೀಟಿನಲ್ಲಿ ಆ ಕಾಲಂ ಹಾಗೇ ಉಳಿಯುತ್ತೆ. ಫಾರಂನಲ್ಲಿ ಒಬ್ಬರ ಉತ್ತರ ಅಳಿಸಿದರೂ ಶೀಟಿನ ಸಾಲು ಹೋಗಲ್ಲ. ಶೀಟಿನಲ್ಲೇ ಕಾಲಂ ಅಳಿಸಿದರೆ ವರ್ಷನ್ ಹಿಸ್ಟರಿಯಲ್ಲಿ (ಶೀಟಿನ ಹಳೆಯ ರೂಪಗಳ ದಾಖಲೆ) ಉಳಿಯುತ್ತೆ, ಎಡಿಟ್ ಮಾಡುವ ಅನುಮತಿ ಇರುವವರು ಹಿಂದಕ್ಕೆ ಹೋಗಿ ನೋಡಬಹುದು. ಅದಕ್ಕೇ ಬೆಳೆಯ ಕಾಲಂಗಳನ್ನು ಮಾತ್ರ ಹೊಸ ಶೀಟಿಗೆ ಕಾಪಿ ಮಾಡಿಕೊಂಡು, ಹಳೆಯ ಫಾರಂ, ಹಳೆಯ ಶೀಟ್ ಎರಡನ್ನೂ ಡಿಲೀಟ್ ಮಾಡಿ. ಡ್ರೈವಿನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತೆ, ಅಲ್ಲಿಂದಲೂ ತೆಗೆಯಿರಿ.

ಒಂದು ಮಾತು ಕೇಳಲೇಬೇಕು ಮೇಡಂ. ಬೆಳೆಯ ಪಾಠಕ್ಕೆ ಫೋನ್ ನಂಬರ್ ಯಾಕೆ ಬೇಕಿತ್ತು? ಸ್ಯಾಟ್ಸ್ ನಂಬರ್ ಯಾಕೆ? ಎರಡೂ ಆಗಲೇ ಶಾಲೆಯ ದಾಖಲೆಯಲ್ಲಿ ಇವೆ. ನಾವು ಹಾಜರಿ ಪುಸ್ತಕ ನೋಡಿ ನೋಡಿ, ಫಾರಂ ಅಂದ ಕೂಡಲೇ ಹೆಸರು, ನಂಬರು, ಊರು ಅಂತ ಬರೆದುಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಈಗ ಪ್ರತಿ ಪ್ರಶ್ನೆಗೂ 'ಇದಿಲ್ಲದಿದ್ದರೆ ಪಾಠ ನಿಲ್ಲುತ್ತಾ?' ಅಂತ ಕೇಳಿಕೊಳ್ಳುತ್ತೇನೆ. ನಿಲ್ಲಲ್ಲ ಅಂದರೆ ಹಾಕಲ್ಲ.

ಗಣಿತ ಮೇಷ್ಟ್ರು | 8:40

ಹೆಸರೇ ಇಲ್ಲದಿದ್ದರೆ ಯಾರು ತುಂಬಿದರು, ಯಾರು ಬಿಟ್ಟರು ಅಂತ ಗೊತ್ತಾಗುವುದು ಹೇಗೆ ಸರ್? 'ಕಲೆಕ್ಟ್ ಇಮೇಲ್' ಆನ್ ಮಾಡಿದರೆ ಸಾಕಾ?

ಲ್ಯಾಬ್ ಸರ್ | 8:58

ನಮ್ಮ ಮಕ್ಕಳಿಗೆ ಅದು ಆಗಿಬರಲ್ಲ. ಮನೆಯಲ್ಲಿ ಇರುವುದು ಒಂದೇ ಫೋನ್, ಅದೂ ಅಪ್ಪನದು ಅಥವಾ ಚಿಕ್ಕಪ್ಪನದು. ನಿಮ್ಮ ಕೈಗೆ ಸಿಗುವುದು ಚಿಕ್ಕಪ್ಪನ ಇಮೇಲ್. ಅಣ್ಣ ತಂಗಿ ಇಬ್ಬರೂ ಒಂದೇ ಫೋನಿನಲ್ಲಿ ತುಂಬಿದರೆ ಇನ್ನೂ ಗೊಂದಲ.

ರೋಲ್ ನಂಬರ್ ಸಾಕು ಅನ್ನಿಸುತ್ತೆ, ಆದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಿರುತ್ತೆ. ನಾನು ಚೀಟಿ ಕೊಡುತ್ತೇನೆ. ಪ್ರತಿ ಮಗುವಿಗೆ ಒಂದು ಗುರುತು: 'ಗುಬ್ಬಿ 17', 'ಹುಣಸೆ 52' ಹೀಗೆ. ಯಾವುದು ಯಾರದು ಅನ್ನುವ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿ, ಪೆನ್ನಿನಲ್ಲಿ ಬರೆದಿದ್ದು. ಆನ್‌ಲೈನಿಗೆ ಹೋಗುವುದು ಗುಬ್ಬಿ, ಹುಣಸೆ ಮಾತ್ರ. ಲಿಂಕ್ ಎಲ್ಲಿಗೆ ಫಾರ್ವರ್ಡ್ ಆದರೂ ಹೊರಗಿನವರಿಗೆ ಏನೂ ತಿಳಿಯಲ್ಲ.

ಇಬ್ಬರು ಮಕ್ಕಳ ಅಮ್ಮ | 9:20

ಟೀಚರ್ ಅಲ್ಲ, ತಾಯಿಯಾಗಿ ಹೇಳುತ್ತಿದ್ದೇನೆ. ತರಗತಿಯ ವಾಟ್ಸಾಪ್ ಗ್ರೂಪಿನಲ್ಲೂ ನಮ್ಮೆಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ಅದಕ್ಕೇನಾದರೂ ದಾರಿ ಇದೆಯಾ? ಮತ್ತೆ, ಇಂಥದ್ದನ್ನು ತುಂಬಿಸುವ ಮೊದಲು ನಮ್ಮನ್ನು ಒಂದು ಮಾತು ಕೇಳಿದರೆ ತುಂಬಾ ಸಮಾಧಾನ.

ಲ್ಯಾಬ್ ಸರ್ | 9:41

ಕೇಳಲೇಬೇಕು ಮೇಡಂ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತೆ ಅದು. ನಾವು ಪೋಷಕರ ಸಭೆಯಲ್ಲಿ ಒಂದು ಪುಟದ ಕನ್ನಡ ಪತ್ರ ಕೊಡುತ್ತೇವೆ. ಯಾವ ಆ್ಯಪ್, ಏನು ಕೇಳುತ್ತೇವೆ, ಯಾವಾಗ ಅಳಿಸುತ್ತೇವೆ, ಅಷ್ಟೇ ಅದರಲ್ಲಿ. ಓದಲು ಬಾರದವರಿಗೆ ಓದಿ ಹೇಳುತ್ತೇವೆ.

ವಾಟ್ಸಾಪ್‌ಗೆ 'ಕಮ್ಯುನಿಟಿ' ಮಾಡಿ, ಅದರ ಅನೌನ್ಸ್‌ಮೆಂಟ್ ಗ್ರೂಪನ್ನು ಮಾತ್ರ ಬಳಸಿ. ಅಲ್ಲಿ ಅಡ್ಮಿನ್‌ಗೆ ಮಾತ್ರ ಎಲ್ಲರ ನಂಬರ್ ಕಾಣುತ್ತೆ. ಉಳಿದವರಿಗೆ ತಾವು ಸೇವ್ ಮಾಡಿಕೊಂಡವರದು ಬಿಟ್ಟರೆ ಬೇರೆಯವರದು ಕಾಣಲ್ಲ.

ವಿಜ್ಞಾನ ಟೀಚರ್ | ಶನಿವಾರ, ಮಧ್ಯಾಹ್ನ 1:15

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹಳೆಯ ಫಾರಂ, ಶೀಟ್ ಎರಡನ್ನೂ ಟ್ರ್ಯಾಶ್‌ನಿಂದಲೂ ತೆಗೆದಾಯಿತು. ಶೀಟ್ ಡೌನ್‌ಲೋಡ್ ಮಾಡಿಕೊಂಡಿದ್ದ ಇಬ್ಬರು ಸಹೋದ್ಯೋಗಿಗಳು ನನ್ನೆದುರೇ ಫೋನಿನಿಂದ ಅಳಿಸಿದರು. ಆ ಅಮ್ಮನಿಗೆ ಮತ್ತೆ ಮೆಸೇಜ್ ಬಂದಿಲ್ಲ. ನಂಬರ್ ಬರೆದಿದ್ದ ಉಳಿದ ಮನೆಗಳಿಗೂ ಒಂದೊಂದಾಗಿ ಫೋನ್ ಮಾಡಿ ತಿಳಿಸಿದೆ. ಮೂರು ಸಂಜೆ ಹಿಡಿಯಿತು.

ಹೊಸ ಫಾರಂನಲ್ಲಿ ಮೇಲೆ ಇರುವುದು ಒಂದೇ ಖಾಲಿ ಜಾಗ: 'ನಿನ್ನ ಚೀಟಿಯಲ್ಲಿ ಏನಿದೆ?' ಮಕ್ಕಳಿಗೆ ಚೀಟಿ ತುಂಬಾ ಇಷ್ಟವಾಗಿದೆ, ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಓಡಾಡುತ್ತಾರೆ. ಫೋನ್ ಸಿಗದ ನಾಲ್ವರು ಕಾಗದದಲ್ಲಿ ಬರೆದು ಕೊಟ್ಟರು, ಅವರದನ್ನು ನಾನೇ ತುಂಬಿದೆ. ಸಮ್ಮರಿ ಆಫ್ ಇರುವುದರಿಂದ ಚಾರ್ಟನ್ನು ಬೋರ್ಡಿನ ಮೇಲೆ ಮಕ್ಕಳ ಕೈಯಲ್ಲೇ ಬಣ್ಣದ ಚಾಕಿನಿಂದ ಬರೆಸಿದೆ. 43ರಲ್ಲಿ 19 ಮನೆ ರಾಗಿ.

ಲ್ಯಾಬ್ ಸರ್, ಆ ಒಂದು ಪುಟದ ಪತ್ರದ ಮಾದರಿ ಇಲ್ಲಿ ಹಾಕಲು ಆಗುತ್ತಾ? ಮುಂದಿನ ಪೋಷಕರ ಸಭೆ ಹದಿನೈದು ದಿನದಲ್ಲಿದೆ.

ಲ್ಯಾಬ್ ಸರ್ | ಶನಿವಾರ, 2:02

ಸೋಮವಾರ ಶಾಲೆಯ ಕಂಪ್ಯೂಟರಿನಿಂದ ತೆಗೆದು ಹಾಕುತ್ತೇನೆ ಮೇಡಂ.